ಗೂಟದಿಂದಿಳಿದ ಗರಗಸಗಳು

ಆ ಕಾಲದಲ್ಲಿ ಬಡಗಿಯ ಮನೆಯೆಂದರೆ ಪಡಸಾಲೆಯೇ ಕಾರ್ಖಾನೆ. ಹರಿಹರದ ನಮ್ಮ ಮನೆಯಲ್ಲಿ ಸಾಗವಾನಿಯ ಹೊಟ್ಟು ಹಾರಿ ಬಂದು ಜೋಳದ ಹಿಟ್ಟಿಗೂ ಬೀಳುತ್ತಿತ್ತು. ಅವ್ವ ರೊಟ್ಟಿ ಬಡಿಯುತ್ತಲೇ ಅಪ್ಪನನ್ನು ಬೈಯುತ್ತಿದ್ದಳು. ನಾನೂ ತಂಗಿಯೂ ಉಜ್ಜುಗೊರಡಿನ ಸುರುಳಿ ಚಕ್ಕೆಗಳನ್ನು ಬಳೆಯ ಹಾಗೆ ಏರಿಸಿಕೊಂಡು ಮದುವೆಯಾಟ ಆಡುತ್ತಿದ್ದೆವು. ಗರಗಸಗಳ ಹತ್ತಿರ ಮಾತ್ರ ನಮ್ಮನ್ನು ಬಿಡುತ್ತಿರಲಿಲ್ಲ. ಗೋಡೆಯ ಗೂಟಕ್ಕೆ ತೂಗುತ್ತಿದ್ದ ಆ ಹಳೆಯ ಗರಗಸಗಳು ಅಪ್ಪನಿಗೆ ಅವನ ಗುರುಗಳು ಕೊಟ್ಟಂಥವು. ಅವರ ಕೈಯಲ್ಲಿ ಸವೆದ ಹಿಡಿ ಅಪ್ಪನ ಕೈಯಲ್ಲಿ ಇನ್ನಷ್ಟು ಸವೆದಿತ್ತು. ಅವನ್ನು ಅಪ್ಪ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಅದೇ ಗುರುಗಳ ಹತ್ತಿರ ಜೊತೆಗೆ ಕಲಿತ, ಹಿಂದಿನ ಓಣಿಯ ಇಮಾಮಸಾಬ್ ಕಾಕಾನಿಗೂ ಇಲ್ಲ.

ಒಂದು ಮುಂಗಾರಿನಲ್ಲಿ, ದಾವಣಗೆರೆಯಲ್ಲಿ ಗಾಡಿಯಿಂದ ತೊಲೆ ಇಳಿಸುವಾಗ ಅದು ಜಾರಿ ಅಪ್ಪನ ಬಲಗೈ ಮಣಿಕಟ್ಟಿನ ಮೇಲೆ ಬಿತ್ತು. ಕೊಂಡಜ್ಜಿ ಊರಿನ ಕಡೆಯ ನಾಟಿ ವೈದ್ಯರು ಬಿದಿರು ದಬ್ಬೆ ಕಟ್ಟಿ, ಮಳೆ ಹೋಗೋದರೊಳಗೆ ನೆಟ್ಟಗಾಗುತ್ತದೆ ಎಂದರು. ನಾವು ನಂಬಿದೆವು. ನಂಬದೆ ಬೇರೆ ದಾರಿಯೂ ಇರಲಿಲ್ಲ.

ಹೊಳೆ ತುಂಬಿತ್ತು, ಗೋಡೆಗಳೆಲ್ಲ ಥಂಡಿ. ಅವ್ವ ಗರಗಸಗಳನ್ನು ಕಾಪಾಡಲು ಹೋಗಿ, ಗೋಣಿಚೀಲದಲ್ಲಿ ಬಿಗಿಯಾಗಿ ಸುತ್ತಿ ಮೂಲೆಗಿಟ್ಟಳು. ಕೆಲವು ದಿನ ಬಿಟ್ಟು ಬಿಚ್ಚಿದರೆ ಅಲಗಿನ ತುಂಬ ಕೆಂಪು ಚುಕ್ಕೆ.

"ಗೋಣಿ ತ್ಯಾವ ಹಿಡಿತೈತೆ ಅಂತ ತಿಳಿಯಲ್ಲೇನು ನಿನಗ?" ಎಂದು ಅಪ್ಪ ಗದರಿದ. ಅಷ್ಟು ಜೋರಾಗಿ ಅವನು ಅವ್ವನನ್ನು ಗದರಿದ್ದು ನಾನು ಕಂಡಿರಲಿಲ್ಲ. ಆ ಸಿಟ್ಟು ತುಕ್ಕಿನ ಮೇಲಿನದಲ್ಲ ಎಂದು ನನಗೆ ತಿಳಿಯಲು ವರ್ಷಗಳೇ ಬೇಕಾದವು.

ಅವ್ವ ಗರಗಸಗಳನ್ನು ಮುಂದಿಟ್ಟುಕೊಂಡು ಕೂತಳು. ಸೀಮೆಎಣ್ಣೆ, ಬೂದಿ ಹಾಕಿ ತಿಕ್ಕಿದಳು. ಹರಳೆಣ್ಣೆ ಸವರಿ, ಸೀಳಿದ ಬಿದಿರನ್ನು ಹಲ್ಲುಗಳಿಗೆ ಸಿಕ್ಕಿಸಿ, ಹಲ್ಲು ಗೋಡೆಯ ಕಡೆ ಬರುವಂತೆ ಮತ್ತೆ ಗೂಟಕ್ಕೆ ಹಾಕಿದಳು. ಅಂದಿನಿಂದ ದಿನಾ ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಗರಗಸಕ್ಕೆ ಎಣ್ಣೆ. ಮನೆಯೆಲ್ಲ ಹರಳೆಣ್ಣೆಯ ವಾಸನೆ. ಅಪ್ಪ ಕೆಲಸ ಮಾಡುತ್ತಿದ್ದಾಗ ಅವಕ್ಕೆ ಇಷ್ಟು ಎಣ್ಣೆ ಬೇಕಾಗುತ್ತಿರಲಿಲ್ಲ.

ಕೊನೆಗೆ ದಬ್ಬೆ ಬಿಚ್ಚಿದರು. ಮರುದಿನ ಬೆಳಿಗ್ಗೆ ಅಪ್ಪ ಸಣ್ಣ ಗರಗಸ ಇಳಿಸಿಕೊಂಡು ಹಲಗೆಯೊಂದಕ್ಕೆ ಹಚ್ಚಿದ. ಬೆರಳುದ್ದ ಕೊಯ್ದಿರಬೇಕು, ಗರಗಸ ಕಚ್ಚಿಕೊಂಡಿತು. ಎಳೆದ. ಬೆರಳುಗಳು ತಾವಾಗಿಯೇ ಬಿಚ್ಚಿಕೊಂಡವು, ಗರಗಸ ಮರದಲ್ಲೇ ಉಳಿಯಿತು. ಮತ್ತೆ ಹಿಡಿದ, ಮತ್ತೆ ಹಾಗೇ ಆಯಿತು. ಅಪ್ಪ ತನ್ನ ಅಂಗೈಯನ್ನೇ ನೋಡುತ್ತ ಕೂತ. ನನಗೆ ಅಳು ಬಂತು, ಅಳಲು ಹೆದರಿಕೆಯಾಯಿತು.

ಸಂಜೆ ಅವ್ವ ಎಣ್ಣೆ ಬಾಟಲಿ ತೆಗೆದಾಗ ಅಪ್ಪ, ಇಮಾಮಸಾಬನಿಗೆ ಬರಲು ಹೇಳಿ ಕಳಿಸು, ಇವನ್ನು ಒಯ್ಯಲಿ ಎಂದ.

"ಇರ್ಲಿ ಬಿಡ್ರಿ, ನಾನು ಜ್ವಾಪಾನ ಮಾಡ್ತೀನಿ. ನಾಳೆ ನಿಮಗೇ ಬೇಕಾಗ್ತಾವು," ಎಂದಳು ಅವ್ವ.

"ನೀನು ಎಣ್ಣಿ ಹಚ್ಚಿದ್ರ ತುಕ್ಕು ಹಿಡಿಯಲ್ಲ, ಖರೇ. ಆದ್ರ ಅವು ಕೊಯ್ಯಾಕ ಇರೋವು. ಕೊಡು."

ಕಾಕಾ ಬಂದ. ಕೂಡ್ರು ಎಂದರೂ ಕೂಡ್ರಲಿಲ್ಲ. ಹೆಗಲ ಮೇಲಿನ ವಸ್ತ್ರ ಹಾಸಿ, ಗರಗಸಗಳನ್ನು ಒಂದೊಂದಾಗಿ ಇಟ್ಟು ಸುತ್ತಿಕೊಂಡು, "ಕೈ ನೆಟ್ಟಗಾದ ದಿನ ತಂದು ಕೊಡ್ತೀನಣ್ಣ," ಎಂದ. ಅಪ್ಪ ತಲೆಯಾಡಿಸಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅಪ್ಪ ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಗೇಟು ಕಾಯುವ ಕೆಲಸಕ್ಕೆ ಸೇರಿದ. ಈಗ ಕಾಕಾನ ಆ ಓಣಿಯಲ್ಲಿ ಮರ ಕೊಯ್ಯುವ ಮಶಿನ್ನು ಕಿರುಚುತ್ತದೆ. ಹಲಗೆ ಕ್ಷಣದಲ್ಲಿ ಎರಡಾಗುತ್ತದೆ, ಕೊಯ್ದವರು ಯಾರೆಂದು ಕೇಳುವವರಿಲ್ಲ. ಆಗ ಹಾಗಿರಲಿಲ್ಲ. ಬೆಳಿಗ್ಗೆ ಅಪ್ಪ ಕೆಲಸಕ್ಕೆ ಹೊರಡುವ ಮುಂಚೆ ನಮಗೆ ಬೆನ್ನು ಮಾಡಿ, ಎಡಗೈಯಲ್ಲಿ ರೊಟ್ಟಿ ಮುರಿಯುತ್ತ ಕೂತಿರುವಾಗ ಹಿಂದಿನ ಓಣಿಯಲ್ಲಿ ಗರಗಸದ ಸದ್ದು ಶುರುವಾಗುತ್ತಿತ್ತು. "ದೊಡ್ಡದು ಹಿಡಿದಾನ," ಎನ್ನುತ್ತಿದ್ದ ಅಪ್ಪ ಮೆಲ್ಲಗೆ. ಆ ಸದ್ದು ನಿಲ್ಲುವವರೆಗೆ ಕೈಯಲ್ಲಿದ್ದ ತುತ್ತು ಬಾಯಿಗೆ ಹೋಗುತ್ತಿರಲಿಲ್ಲ.