ನಗೆಬರಹದ ಕೆಳಗಿನ ಹೆಸರು

ಹಳೆಯ ಪತ್ರಿಕೆಯ ಕಾಗದ ಮತ್ತು ನುಸಿಗುಳಿಗೆ ಸೇರಿ ಹುಟ್ಟುವ ಒಂದು ವಾಸನೆಯಿದೆ. ಅದು ಮೂಗಿಗೆ ಬಿದ್ದರೆ ಸಾಕು, ಅಮೆರಿಕದ ರೌಂಡ್ ರಾಕ್ ಊರಿನ ನಮ್ಮ ಆಗಿನ ಮನೆ, ಅದರ ಬೂದು ಕಾರ್ಪೆಟ್ಟು, ಅದರ ಮೇಲೆ ಕೂತು ರಟ್ಟಿನ ಫೈಲು ಬಿಚ್ಚುತ್ತಿದ್ದ ತಾತ, ಎಲ್ಲವೂ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಆ ಬೇಸಿಗೆ ತಾತ, ಅಜ್ಜಿ ಮೈಸೂರಿನಿಂದ ಬಂದಾಗ ಸೂಟ್‌ಕೇಸಿನಲ್ಲಿ ಹಪ್ಪಳ ಸಂಡಿಗೆಗಳ ನಡುವೆ ಆ ಫೈಲೂ ಬಂದಿತ್ತು. ಐವತ್ತರ ದಶಕದಲ್ಲಿ ತಾತ ಒಂದು ವಾರಪತ್ರಿಕೆಯಲ್ಲಿ ಕೆಲಸ ಮಾಡುತ್ತಿದ್ದರು. ಅದರಲ್ಲಿ ಅವರ ಹೆಸರಿನಲ್ಲಿ ಅಚ್ಚಾದ ನಗೆಬರಹಗಳೆಲ್ಲ ಆ ಫೈಲಿನಲ್ಲಿದ್ದವು. ನನಗಾಗ ಒಂಬತ್ತು ವರ್ಷ. ನನ್ನ ತಾತ ಊರನ್ನೇ ನಗಿಸಿದವರು ಎಂದು ಶಾಲೆಯಲ್ಲಿ ಕೊಚ್ಚಿಕೊಂಡಿದ್ದೇ ಕೊಚ್ಚಿಕೊಂಡಿದ್ದು. ಅಜ್ಜಿಯ ಬಗ್ಗೆ ಹೇಳಿಕೊಳ್ಳಲು ದೋಸೆ ಬಿಟ್ಟರೆ ನನ್ನ ಬಳಿ ಏನೂ ಇರಲಿಲ್ಲ. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದೆನ್ನುವ ಕಾಲದವರು ಅವರು. ಏರ್‌ಪೋರ್ಟಿನ ಕೌಂಟರಿನಲ್ಲಿ ಕೇಳಿದಾಗಲೂ ಬಾಯಿಬಿಡದೆ, ಪಾಸ್‌ಪೋರ್ಟಿನ ಮೇಲೆ ಬೆರಳಿಟ್ಟು ತೋರಿಸಿದ್ದರಂತೆ.

ಒಂದು ಶನಿವಾರ ಸಂಜೆ ಅಪ್ಪನ ಸ್ನೇಹಿತರೆಲ್ಲ ಸೇರಿ ತಾತನಿಂದ ಓದಿಸಿದರು. ಎದ್ದು ಹೋಗದ ಅತಿಥಿಯೊಬ್ಬನ ಪ್ರಸಂಗ. ಅವನು ಮೂರು ಸಲ ‘ಬರ್ತೀನಿ’ ಎಂದು ನಾಲ್ಕನೇ ಕಾಫಿಗೆ ಕೂರುವಲ್ಲಿಗೆ ಪುಟ ಮುಗಿಯಿತು. ಮುಂದಿನ ಪುಟ ಫೈಲಿನಲ್ಲಿರಲಿಲ್ಲ. ತಾತ ತಡಕಾಡಿದರು. ಆಗ ಅಡುಗೆಮನೆಯಿಂದ, ದೋಸೆ ಮಗುಚುತ್ತಲೇ, ಅಜ್ಜಿ ಮುಂದಿನದನ್ನು ಹೇಳತೊಡಗಿದರು. ಒಂದು ಪದಕ್ಕೂ ತಡವರಿಸಲಿಲ್ಲ. ಎಲ್ಲಿ ನಿಲ್ಲಿಸಿದರೆ ನಗು ಬರುತ್ತದೋ ಅಲ್ಲೇ ನಿಲ್ಲಿಸಿದರು. ಎಲ್ಲರೂ ಬಿದ್ದು ಬಿದ್ದು ನಕ್ಕರು.

“ಆಂಟಿಗೆ ಬಾಯಿಪಾಠ ಆಗ್ಬಿಟ್ಟಿದೆ ನೋಡಿ!” ಎಂದರು ಒಬ್ಬ ಅಂಕಲ್.

ತಾತ ಕನ್ನಡಕ ತೆಗೆದರು. “ಬಾಯಿಪಾಠ ಅಲ್ಲಪ್ಪ. ಬರೆದಿದ್ದೇ ಅವಳು. ಇದೂ, ಉಳಿದಿದ್ದೆಲ್ಲಾನೂ. ಹೆಂಗಸು ಬರೆದ ತಮಾಷೆ ಅಂದ್ರೆ ನಮ್ಮ ಸಂಪಾದಕರು ಕಣ್ಣೆತ್ತಿ ನೋಡ್ತಿರ್ಲಿಲ್ಲ.”

ಇದು ಅಪ್ಪನಿಗೂ ಗೊತ್ತಿರಲಿಲ್ಲ. ದೋಸೆ ಸೀದ ವಾಸನೆ ಬಂದರೂ ಯಾರೂ ಕದಲಲಿಲ್ಲ. ನನಗೆ ಅಳು, ಸಿಟ್ಟು ಎರಡೂ ಒಟ್ಟಿಗೆ ಬಂದವು. “ದಟ್ಸ್ ಚೀಟಿಂಗ್, ತಾತ!” ಎಂದು ಕಿರುಚಿದೆ.

ಅಜ್ಜಿ ಒಲೆ ಆರಿಸಿ ಹೊರಗೆ ಬಂದರು. “ಇವರ ಹೆಸರು ಹೇಳ್ಬಾರ್ದು ಅಂದಿದ್ರು ಪುಟ್ಟಿ. ಬರೀಬಾರ್ದು ಅಂತ ಯಾರೂ ಅಂದಿರ್ಲಿಲ್ಲ,” ಎಂದು ಸೆರಗಿಗೆ ಕೈ ಒರೆಸಿಕೊಂಡರು.

ತಾತ ತೀರಿಕೊಂಡ ಮೇಲೆ ನಾನು ಫೋನಿನಲ್ಲಿ ಮೈಸೂರಿನಲ್ಲಿದ್ದ ಅಜ್ಜಿಯ ಬೆನ್ನು ಬಿದ್ದೆ. ಒಂದಾದರೂ ಬರೆಯಿರಿ, ಈ ಸಲ ನಿಮ್ಮ ಹೆಸರಿನಲ್ಲೇ ಬರೆಯಿರಿ ಎಂದು ಗೋಗರೆದೆ. ಕೊನೆಗೆ ಒಂದು ಲಕೋಟೆ ಬಂತು. ಬೀದಿ ತುಂಬಾ ಕಾರುಗಳಿದ್ದೂ ಒಂದು ನರಪಿಳ್ಳೆಯೂ ಕಾಣದ ನಮ್ಮ ರೌಂಡ್ ರಾಕ್ ಬಗ್ಗೆ ಎರಡು ಪುಟದ ನಗೆಬರಹ. ನನಗೆ ಕನ್ನಡ ಓದಲು ಬರುತ್ತಿರಲಿಲ್ಲ, ಅಪ್ಪ ಓದಿದರು. ನಕ್ಕೂ ನಕ್ಕೂ ನಮ್ಮ ಕಣ್ಣಲ್ಲಿ ನೀರು ಬಂತು. ಓದಿ ಮುಗಿಸಿದ ಅಪ್ಪ ಪುಟದ ಕೆಳಗೊಮ್ಮೆ ನೋಡಿ, ಹಾಳೆ ಮಡಚಿ, ತಾತ ನಮ್ಮಲ್ಲೇ ಬಿಟ್ಟುಹೋಗಿದ್ದ ಫೈಲಿನೊಳಗೆ ಇಟ್ಟರು.

ಈಗ ಅಜ್ಜಿಯಿಲ್ಲ, ಆ ಮನೆಯೂ ಬೇರೆಯವರದು. ನಿನ್ನೆ ಫೈಲು ತೆರೆದು, ತಡವಾಗಿ ಕಲಿತ ನನ್ನ ಕನ್ನಡದಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಆ ಹಾಳೆಯನ್ನು ನಾನೇ ಓದಿದೆ. ಕೆಳಗೆ ಅಜ್ಜಿಯ ದುಂಡನೆಯ ಕೈಬರಹದಲ್ಲಿ ತಾತನ ಹೆಸರಿತ್ತು.