ಬೈ ಅಂದವರನ್ನು ಬಿಡದ ನಂಜಮ್ಮ

ಹಳ್ಳಿಮೈಸೂರಿನ ನಂಜಮ್ಮನ ಮನೆಯಿಂದ ಯಾರೂ 'ಓಯ್ತೀನಿ' ಎಂದು ಹೊರಡುವಂತಿಲ್ಲ. 'ಬತ್ತೀನಿ' ಅನ್ನಬೇಕು. ಬಾಯಿ ತಪ್ಪಿದವರು ಕರೆಂಟಿನ ಮೀಟರ್ ಓದಲು ಬಂದವರೇ ಆಗಿರಲಿ, ಅವರನ್ನು ಒಳಗೆ ಕರೆದು, ಕೂರಿಸಿ, ನೀರು ಕುಡಿಸಿ, ಹೊಸದಾಗಿ ಹೊರಡಿಸುವಳು. ಊರವರು ನಗುತ್ತಿದ್ದರು. ನಂಜಮ್ಮ ನಗುತ್ತಿರಲಿಲ್ಲ. ಗಂಡ ದೊಡ್ಡಯ್ಯ ಒಂದು ಬೆಳಿಗ್ಗೆ ಜಗಳದ ಸಿಟ್ಟಿನಲ್ಲಿ 'ಓಯ್ತೀನಿ' ಎಂದು ಸಂತೆಗೆ ಹೋದವನು ಎದೆನೋವು ಬಂದು ದಾರಿಯಲ್ಲೇ ತೀರಿಕೊಂಡಿದ್ದ. ಆ ಮಾತನ್ನು ತಿದ್ದಿಸದೆ ಕಳಿಸಿಬಿಟ್ಟೆನಲ್ಲ ಎಂಬ ಸಂಕಟ ಅವಳನ್ನು ಇನ್ನೂ ಬಿಟ್ಟಿರಲಿಲ್ಲ.

ಇಂಥ ಮನೆಗೆ ಸೊಸೆಯಾಗಿ ಬಂದವಳು ಪ್ರತಿಭಾ, ಹೊಳೆನರಸೀಪುರದ ಶಾಲೆಯೊಂದರಲ್ಲಿ ಇಂಗ್ಲಿಷ್ ಮೇಡಂ. ಮೊದಲ ದಿನವೇ ಚಪ್ಪಲಿ ಮೆಟ್ಟಿಕೊಂಡು 'ಬೈ ಅತ್ತೆ' ಅಂದಳು. ಅದು ಬೈಗುಳವಲ್ಲ ಎಂದು ತಿಳಿಯದಷ್ಟು ದಡ್ಡಿಯಲ್ಲ ನಂಜಮ್ಮ, ದಿನಾ ಟೀವಿ ನೋಡುವವಳು. ಆದರೆ ವಾಪಸು ಬರುವ ಸುದ್ದಿಯೇ ಇಲ್ಲದ ಮಾತು ಅವಳಿಗೆ ಮಾತೇ ಅಲ್ಲ. ಸೊಸೆಯನ್ನು ಕೂರಿಸಿದಳು, ನೀರು ಕೊಟ್ಟಳು. ಬಸ್ಸು ಹೋಯಿತು. ಅಭ್ಯಾಸಬಲದಿಂದ 'ಬೈ' ಮತ್ತೆ ಮತ್ತೆ ಜಾರಿತು, ಬಸ್ಸೂ ಮತ್ತೆ ಮತ್ತೆ ತಪ್ಪಿತು. ಹೆಡ್‌ಮಾಸ್ಟರು ಮುಖ ಗಂಟಿಕ್ಕತೊಡಗಿದರು. ತಡವಾದ ಕಾರಣವನ್ನು ಅವರಿಗೆ ಹೇಳುವುದಾದರೂ ಹೇಗೆ?

ಒಂದು ಭಾನುವಾರ ಇಬ್ಬರೂ ಅವರೆಕಾಯಿ ಸುಲಿಯುತ್ತಿದ್ದಾಗ ಪ್ರತಿಭಾ ಅತ್ತೆಗೆ ಪಾಠ ಮಾಡಿದಳು. ಹಿಂದೆ ಇಂಗ್ಲಿಷಿನವರು ಬೀಳ್ಕೊಡುವಾಗ 'ದೇವರು ನಿನ್ನ ಜೊತೆಗಿರಲಿ' ಅನ್ನುತ್ತಿದ್ದರಂತೆ. ಆಡಿ ಆಡಿ ಅದು ಸವೆದು 'ಗುಡ್‌ಬೈ' ಆಯಿತಂತೆ. ಆಮೇಲೆ ಗುಡ್ ಕೂಡ ಉದುರಿ ಬರೀ ಬೈ ಉಳಿಯಿತು.

ನಂಜಮ್ಮನ ಕೈ ನಿಂತಿತು. "ದೇವ್ರ ಎಸ್ರನ್ನೇ ನುಂಗ್ಬುಟ್ರಾ? ಅಂಥಾ ಅರ್ಜೆಂಟು ಏನಿತ್ತವ್ವ ಅವ್ರಿಗೆ?"

"ಅವ್ರಿಗೂ ಬಸ್ಸು ತಪ್ತಿತ್ತೇನೋ ಅತ್ತೆ."

ನಂಜಮ್ಮ ನಕ್ಕಳು, ಆದರೆ ಕಾನೂನು ಸಡಿಲಿಸಲಿಲ್ಲ. ದೇವರು ಜೊತೆಗಿದ್ದರೆ ಒಳ್ಳೆಯದೇ, ಆದರೆ ಮನೆಗೆ ಬರಬೇಕಾದವಳು ನೀನು ತಾನೇ ಎಂದಳು. ಬೇರೆ ದಾರಿ ಕಾಣದೆ ಇಂಗ್ಲಿಷ್ ಮೇಡಂ 'ಬತ್ತೀನಿ' ಕಲಿತಳು.

ಈ ವರ್ಷ ನಂಜಮ್ಮನ ಪಿತ್ತಕೋಶದಲ್ಲಿ ಕಲ್ಲು ಸಿಕ್ಕಿ, ಹಾಸನದ ಆಸ್ಪತ್ರೆಯಲ್ಲಿ ಆಪರೇಷನ್ ಎಂದಾಯಿತು. ಹೆರಿಗೆಗೂ ಆಸ್ಪತ್ರೆಯ ಮೆಟ್ಟಿಲು ಹತ್ತದವಳು ಹಸಿರು ಗೌನು ತೊಟ್ಟು ಗಾಲಿಕುರ್ಚಿಯಲ್ಲಿ ಕೂತಳು. ಥಿಯೇಟರಿನ ಬಾಗಿಲು ಕಂಡದ್ದೇ ತನ್ನ ಕಾನೂನೇ ಮರೆತುಹೋಯಿತು.

"ಓಯ್ತೀನಿ ಕಣವ್ವ," ಅಂದುಬಿಟ್ಟಳು.

ಪ್ರತಿಭಾ ಕುರ್ಚಿಯನ್ನು ಗಪ್ಪನೆ ಹಿಡಿದಳು. ಡಾಕ್ಟರು ಕಾಯುತ್ತಿದ್ದಾರೆಂದು ನರ್ಸು ಗದರಿದರೂ ಕೇಳದೆ ಹಿಂದಕ್ಕೆ ತಿರುಗಿಸಿ, ವಾರ್ಡಿಗೇ ತಂದು ನಿಲ್ಲಿಸಿದಳು. ನೀರು ಕುಡಿಸುವಂತಿರಲಿಲ್ಲ, ಒದ್ದೆ ಬಟ್ಟೆಯಿಂದ ತುಟಿ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸಿದಳು. ನಂಜಮ್ಮ ಅದನ್ನು ನೋಡಿದಳು. ತನಗಾಗಿ ಇಷ್ಟು ಹೆದರುವ ಜೀವವೊಂದು ಇದೆಯಲ್ಲ ಎಂದು ಅವಳ ಮನಸ್ಸು ತುಂಬಿ ಬಂತು.

"ಈಗ ಹೊರಡಿ ಅತ್ತೆ."

"ಬತ್ತೀನಿ ಕಣವ್ವ."

ಕುರ್ಚಿ ಮತ್ತೆ ಥಿಯೇಟರಿನ ಬಾಗಿಲಿಗೆ ಬಂತು. ಅಲ್ಲಿಂದಾಚೆ ಸೊಸೆಯನ್ನು ಬಿಡುವುದಿಲ್ಲ ಎಂದರು. ನಂಜಮ್ಮ ಕೈಯೆತ್ತಿ ಕುರ್ಚಿ ನಿಲ್ಲಿಸಿ ಹಿಂದಿರುಗಿ ನೋಡಿದಳು. ಒಳಗೆ ಜೊತೆಗೆ ದೇವರಾದರೂ ಬೇಕಲ್ಲ.

"ಬೈ," ಅಂದಳು. "ಅದೂ ಇರ್ಲಿ."