ಮೂಸುಮಾವ ಹಿಡಿದ ಕಳ್ಳ

ಅವನ ಮೂಗು ದೊಡ್ಡದು. ಬದುಕಿನಲ್ಲಿ ಅವನಿಗೆ ದಕ್ಕಿದ್ದೆಲ್ಲ ಆ ಮೂಗಿನ ದಯೆಯಿಂದಲೇ. ಚಪ್ಪಲಿ ಅಂಗಡಿಯಲ್ಲಿ ಗಿರಾಕಿಗಳ ಕಾಲಬುಡದಲ್ಲಿ ಕೂತು ಅಳತೆ ನೋಡುತ್ತಿದ್ದವನನ್ನು, ಬೂಟು ಕೊಳ್ಳಲು ಬಂದ ಧಾರಾವಾಹಿ ನಿರ್ದೇಶಕನೊಬ್ಬ ದಿಟ್ಟಿಸಿ ನೋಡಿ, "ಈ ಮೂಗು ನನಗೆ ಬೇಕು" ಅಂದನಂತೆ. ಮೂಗಿನ ಜೊತೆ ಮನುಷ್ಯನೂ ಹೋಗಬೇಕಾಯಿತು.

ಆ ಧಾರಾವಾಹಿಯ ಪತ್ತೇದಾರನದು ವಿಚಿತ್ರ ರೀತಿ. ಸುಡುಬಿಸಿಲಲ್ಲೂ ಕೊರಳಿಗೆ ಉಣ್ಣೆಯ ಮಫ್ಲರ್. ಮನೆಯೊಳಗೂ ಬಿಚ್ಚಿದ ಕೊಡೆ. ಕುರ್ಚಿ ಖಾಲಿಯಿದ್ದರೂ ಕೂರುವುದು ಮೇಜಿನ ಮೇಲೆ. ಹೆಣವಿರಲಿ, ಸಕ್ಕರೆ ಡಬ್ಬಿಯಿರಲಿ, ಮೂಸಿ ನೋಡಿಯೇ ಅಪರಾಧಿ ಯಾರೆಂದು ಹೇಳಿಬಿಡುತ್ತಿದ್ದ. ಕಂತಿನ ಕೊನೆಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಮೂಗು ಅರಳಿಸುತ್ತ ನಡೆದು, ಒಬ್ಬನ ಮುಂದೆ ನಿಂತು ಕೊಡೆ ಮಡಚಿದನೆಂದರೆ ಅವನ ಕತೆ ಮುಗಿಯಿತು. ಬೀದಿಯ ಮಕ್ಕಳು ನಮ್ಮ ನಟನಿಗೆ ಮೂಸುಮಾವ ಎಂದು ಹೆಸರಿಟ್ಟರು. ದೊಡ್ಡವರೂ ಅದನ್ನೇ ರೂಢಿ ಮಾಡಿಕೊಂಡರು.

ಕೊಲೆಗಾರ ಯಾರೆಂದು ಅವನಿಗೆ ತಿಳಿಯುತ್ತಿದ್ದದ್ದು ಕತೆ ಬರೆಯುವ ಹೆಂಗಸು ಫೋನ್ ಮಾಡಿ ಹೇಳಿದ ಮೇಲೆ. ತಲೆಯ ಮೇಲೇರಿಸಿಕೊಂಡ ಕನ್ನಡಕಕ್ಕಾಗಿ ಮನೆಯೆಲ್ಲ ತಡಕಾಡುವ ಪೈಕಿ ಅವನು. ಆದರೆ ವರ್ಷಗಟ್ಟಲೆ ಜನ ಎದ್ದು ನಿಂತು ನಮಸ್ಕಾರ ಹೊಡೆದರೆ ಎಂಥವನಿಗೂ ತಲೆ ತಿರುಗುತ್ತದೆ. ಇವನಿಗೂ ತಿರುಗಿತು.

ಹಾಗಿರುವಾಗ ಒಂದು ಬೆಳಿಗ್ಗೆ ಅವರ ಕಟ್ಟಡದ ನೀರಿನ ಮೋಟಾರ್ ಮಾಯವಾಯಿತು. ನಲ್ಲಿಗಳೆಲ್ಲ ಕೆಮ್ಮಿ ಸುಮ್ಮನಾದವು. ಸಾಬೂನು ಮೆತ್ತಿಕೊಂಡ ಮುಖದಲ್ಲೇ ಸಂಘದ ಅಧ್ಯಕ್ಷರು ಮೂಸುಮಾವನ ಬಾಗಿಲು ಬಡಿದರು.

"ಪೊಲೀಸ್ರಿಗೆ ಹೇಳೋಣ ಅಂತಿದ್ರು ಸಾರ್. ಮನೇಲೇ ನೀವಿರುವಾಗ ಪೊಲೀಸ್ ಯಾಕೆ ಅಂದೆ."

ಹೆಂಡತಿ ಮನೆಯಲ್ಲಿದ್ದಿದ್ದರೆ ಅಲ್ಲಿಗೇ ನಿಲ್ಲುತ್ತಿತ್ತು. ಅವಳು ಬಾಣಂತಿ ತಂಗಿಯನ್ನು ನೋಡಲು ಹಿಂದಿನ ದಿನವೇ ಹೋಗಿದ್ದಳು. ಮೂಸುಮಾವ ಮಫ್ಲರ್ ಸುತ್ತಿಕೊಂಡ, ಕೊಡೆ ಬಿಚ್ಚಿದ, ಎಲ್ಲರೂ ತಾರಸಿಗೆ ಬರಬೇಕೆಂದು ಅಪ್ಪಣೆ ಕೊಡಿಸಿದ. ಕಚೇರಿಗೆ ರಜೆ ಹಾಕಿ ಬಂದವರಿದ್ದರು. ಹಾಸಿಗೆ ಹಿಡಿದಿದ್ದ ಅಜ್ಜಿಯೊಬ್ಬರನ್ನು ಕುರ್ಚಿ ಸಮೇತ ಹೊತ್ತು ತಂದರು. ಫೋನುಗಳೆಲ್ಲ ಮೇಲೆದ್ದವು.

ಅವನು ಸಾಲಿನುದ್ದಕ್ಕೂ ಮೂಸುತ್ತ ನಡೆದ. ಜನ ಉಸಿರು ಬಿಗಿಹಿಡಿದರು. ನೆಲಮಹಡಿಯ ಡ್ರಾಯಿಂಗ್ ಮೇಷ್ಟ್ರ ಮುಂದೆ ಬಂದಾಗ ಅವನ ಕಣ್ಣು ಅವರ ಅಂಗಿಯ ತೋಳಿನ ಕಪ್ಪು ಕಲೆಯ ಮೇಲೆ ಬಿತ್ತು. ಮೇಷ್ಟ್ರು ನಿವೃತ್ತರು, ಒಂಟಿ, ಮಿತಭಾಷಿ. ಮನೆಯಲ್ಲೇ ಮಕ್ಕಳಿಗೆ ಚಿತ್ರ ಕಲಿಸುತ್ತಿದ್ದರು.

"ಮೋಟಾರಿನ ಗ್ರೀಸು," ಎಂದು ಮೂಸುಮಾವ ಕೊಡೆ ಮಡಚಿದ.

"ಇದ್ದಿಲು ಸ್ವಾಮೀ," ಅಂದರು ಮೇಷ್ಟ್ರು. "ಚಿತ್ರ ಬರೆಯೋ ಇದ್ದಿಲು."

ಅವರ ಮಾತು ಚಪ್ಪಾಳೆಯಲ್ಲಿ ಮುಳುಗಿಹೋಯಿತು. "ನನಗೆ ಮೊದಲಿಂದ್ಲೂ ಅನುಮಾನ ಇತ್ತು" ಅಂದವರೇ ಹೆಚ್ಚು. ಸಂಜೆಯ ಹೊತ್ತಿಗೆ ಮೇಷ್ಟ್ರ ತರಗತಿ ಖಾಲಿ. ತಾಯಂದಿರು ಮಕ್ಕಳ ರಟ್ಟೆ ಹಿಡಿದು ಎಳೆದುಕೊಂಡು ಹೋದರು. ಮೇಷ್ಟ್ರು ಬಾಗಿಲು ಹಾಕಿಕೊಂಡರು.

ಮರುದಿನ ಹೆಂಡತಿ ಬಂದಳು. ಹೊಸ್ತಿಲಲ್ಲೇ ನಿಂತು ಗಂಡನ ಪರಾಕ್ರಮವನ್ನೆಲ್ಲ ಕೇಳಿಸಿಕೊಂಡು ಬ್ಯಾಗು ಕೆಳಗಿಟ್ಟಳು.

"ಯಾವ ಕಳ್ಳಾರೀ? ಮೋಟಾರ್ ಸುಟ್ಟು ಮೆಟ್ಟಿಲೆಲ್ಲ ನಾತ ಹೊಡೀತಿತ್ತು. ನಾನೇ ಮೆಕ್ಯಾನಿಕ್‌ನ ಕರೆಸಿ ರಿಪೇರಿಗೆ ಕಳಿಸಿದ್ದು. ಅಧ್ಯಕ್ಷರಿಗೆ ತಿಳಿಸಿ ಅಂತ ಹೊರಡೋವಾಗ ಬಡ್ಕೊಂಡೆ. ಹೂಂ ಹೂಂ ಅಂತ ತಲೆ ಬೇರೆ ಆಡಿಸಿದ್ರಿ!"

"ಡೈಲಾಗ್ ಬಾಯಿಪಾಠ ಮಾಡ್ತಿದ್ನೇನೋ ಕಣೇ..."

"ಅಷ್ಟುದ್ದ ಮೂಗು ನಿಮ್ಮದು, ವಾಸನೆ ಬಂದಿದ್ದು ನನಗೆ. ಹೋಗಿ ಮೊದಲು ಆ ಮೇಷ್ಟ್ರ ಕಾಲಿಗೆ ಬೀಳಿ."

ಮಧ್ಯಾಹ್ನ ಮೆಕ್ಯಾನಿಕ್ ಮೋಟಾರನ್ನು ಹೆಗಲ ಮೇಲೆ ಹೊತ್ತು ಬಂದ. ನಲ್ಲಿಗಳು ಸುರಿದವು, ಮೂಸುಮಾವನ ಮುಖದ ನೀರು ಇಳಿಯಿತು. ಕ್ಷಮೆ ಕೇಳುವುದು ಹೇಗೆಂದು ತಿಳಿಯದೆ ಕತೆಗಾರ್ತಿಗೆ ಫೋನ್ ಮಾಡಿ, ಎರಡು ಸಾಲು ಬರೆದುಕೊಡಿ ಎಂದು ಅಂಗಲಾಚಿದ.

"ಹನ್ನೊಂದು ವರ್ಷದಿಂದ ನಿಮ್ಮ ಬುದ್ಧೀನ ನಾನೇ ಬರ್ಕೊಟ್ಟಿದೀನಿ," ಅಂದಳು ಅವಳು. "ಇದೊಂದನ್ನಾದ್ರೂ ನೀವೇ ಮಾಡ್ಕೊಳ್ಳಿ." ಫೋನ್ ಇಟ್ಟೇಬಿಟ್ಟಳು.

ಮೇಷ್ಟ್ರ ಬಾಗಿಲಲ್ಲಿ ಅವನು ತೊದಲಿದ. "ನಂದು ತಪ್ಪಾಯ್ತು ಮೇಷ್ಟ್ರೇ. ನನಗೇನೂ ಗೊತ್ತಾಗಲ್ಲ. ಯಾವತ್ತೂ ಗೊತ್ತಾಗಿಲ್ಲ."

ಮೇಷ್ಟ್ರು ಅವನನ್ನು ಒಳಗೆ ಕರೆಯಲಿಲ್ಲ. "ನನ್ನ ಹತ್ರ ಯಾಕೆ ಹೇಳ್ತೀರಿ? ನಾನು ಕದ್ದಿಲ್ಲ ಅನ್ನೋದು ನನಗೆ ಗೊತ್ತೇ ಇದೆ. ಎಲ್ಲರನ್ನೂ ಸೇರಿಸಿ ಹೇಳಿ."

ಸೇರಿಸಿದ. ಬಂದವರು ಬೆರಳೆಣಿಕೆಯಷ್ಟು ಜನ. ಅವರಲ್ಲಿ ಒಬ್ಬರು ಒಗೆದ ಬಟ್ಟೆ ಒಣಹಾಕಲು ಬಂದವರು. ಅಧ್ಯಕ್ಷರಿಗೆ ತಲೆನೋವು. ಈ ಸಲ ಅಜ್ಜಿಯನ್ನು ಹೊತ್ತು ತರುವ ಉತ್ಸಾಹ ಯಾರಿಗೂ ಇರಲಿಲ್ಲ.

ಕೊನೆಗೆ ಅವನು ತಾಯಂದಿರ ಬಾಗಿಲಿಗೇ ಹೋದ. ಅವರು ನಗುನಗುತ್ತ ಟೀ ಕೊಟ್ಟರು, ಪಕ್ಕ ನಿಂತು ಸೆಲ್ಫಿ ತೆಗೆದುಕೊಂಡರು. ಮಕ್ಕಳನ್ನು ಕಳಿಸಿ ಅಂದರೆ ಮಾತ್ರ ಮುಖ ತಿರುಗಿಸಿದರು.

"ಮೇಷ್ಟ್ರು ಕದ್ದಿಲ್ಲಮ್ಮಾ. ನಾನು ಹೇಳಿದ್ದು ಸುಳ್ಳು."

"ಅದು ನಿಮ್ಮ ದೊಡ್ಡ ಗುಣ ಸಾರ್," ಅಂದಳು ಒಬ್ಬಳು. "ಆದ್ರೂ ನೀವು ಅಷ್ಟೊಂದು ಜನರಲ್ಲಿ ಅವರ ಮುಂದೇನೇ ಯಾಕೆ ನಿಂತ್ರಿ? ಏನೋ ಇರುತ್ತೆ ಬಿಡಿ."

ಮೂಸುಮಾವ ಟೀ ಲೋಟ ಕೆಳಗಿಟ್ಟು ಎದ್ದ. ತಾನು ಶುದ್ಧ ಪೆದ್ದನೆಂದು ಬಾಯಿಬಿಟ್ಟು ಹೇಳಿದರೂ ನಂಬದ ಜನಕ್ಕೆ ಇನ್ನೇನು ಹೇಳುವುದು? ಮನೆಗೆ ಬಂದು ಹೆಂಡತಿಯ ಮುಂದೆ ತಲೆಯ ಮೇಲೆ ಕೈಹೊತ್ತು ಕೂತ.

"ಅವರು ಮಕ್ಕಳನ್ನ ಕಳಿಸದಿದ್ರೆ ಏನಂತೆ," ಅಂದಳು ಅವಳು. "ನೀವೇ ಹೋಗಿ ಸೇರ್ಕೊಳ್ಳಿ. ಶೂಟಿಂಗ್ ಇಲ್ಲದ ದಿನ ಮನೇಲಿ ಕೂತು ನನ್ನ ತಲೆ ತಿನ್ನೋದೂ ತಪ್ಪುತ್ತೆ."

ಹಾಗೆ ಮೂಸುಮಾವ ಚಿತ್ರ ಕಲಿಯಲು ಸೇರಿದ. ಮೇಷ್ಟ್ರು ಬೇಡವೆನ್ನಲಿಲ್ಲ, ಬನ್ನಿ ಎಂದೂ ಉಪಚಾರ ಮಾಡಲಿಲ್ಲ. ಬೀದಿಗೆ ಕಾಣುವ ಕಿಟಕಿಯ ಪಕ್ಕ, ಮೊಣಕಾಲು ಗದ್ದಕ್ಕೆ ತಾಗುವಂಥ ಪುಟ್ಟ ಬೆಂಚಿನ ಮೇಲೆ ಕೂರಿಸಿದರು. ಮೊದಲು ಮಕ್ಕಳು ಕಿಟಕಿಯ ಸರಳು ಹಿಡಿದು ಇಣುಕಿದರು, ಆಮೇಲೆ ಒಳಗೆ ನುಸುಳಿದರು, ಆಮೇಲೆ ಕಾಗದ ಕೇಳಿದರು. ಟಿವಿಯವರ ಪಕ್ಕ ಕೂತು ಕಲಿಯುವುದೆಂದರೆ ತಾಯಂದಿರಿಗೂ ಅಡ್ಡಿಯೆನಿಸಲಿಲ್ಲ. ಅವರ ಅನುಮಾನದ ಆಯುಸ್ಸು ಅಷ್ಟೇ.

ಒಂದು ಸಂಜೆ ಮೇಷ್ಟ್ರು ಅವನ ಹಾಳೆಯನ್ನೆತ್ತಿ ಎಲ್ಲರಿಗೂ ತೋರಿಸಿದರು.

"ಬರೆಯಕ್ಕೆ ಹೇಳಿದ್ದು ಕುರ್ಚಿ. ಇದೇನು, ಮಲಗಿರೋ ಕತ್ತೆನಾ?"

ತರಗತಿ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಮೂಸುಮಾವ ಅಭ್ಯಾಸಬಲದಿಂದ ಎದ್ದು, ಎದೆಯ ಮೇಲೆ ಕೈಯಿಟ್ಟು, ಸಭೆಗೆ ಬಾಗಿ ವಂದಿಸಿದ.

"ಕೂತ್ಕೊಳ್ಳಿ," ಅಂದರು ಮೇಷ್ಟ್ರು. "ಇನ್ನೊಂದು ಸಲ ಬರೀರಿ."